ಕದ್ದು ನುಗ್ಗುವ ಗಾಳಿಯ ಬೆನ್ನು ಹತ್ತಿ

ಸಿಗ್ನಲ್‌ನಲ್ಲಿ ಕಾರು ನಿಂತಿದೆ. ಆಕ್ಸಿಲರೇಟರ್ ಮೇಲೆ ಕಾಲಿಲ್ಲ. ಆದರೂ ಆರ್‌ಪಿಎಂ ಮುಳ್ಳು ತಾನೇ ಏರುತ್ತದೆ, ತಾನೇ ಇಳಿಯುತ್ತದೆ. ಕೆಲವು ಸಲ ಎಂಜಿನ್ ನಡುಗಿ ಆಫ್ ಆಗುತ್ತದೆ, ಚೆಕ್ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ. ಮೊದಲು ಸ್ಪಾರ್ಕ್ ಪ್ಲಗ್, ಆಮೇಲೆ ಸೆನ್ಸರ್, ಕೊನೆಗೆ ಪೆಟ್ರೋಲ್ ಪಂಪ್ ಎಂದು ಬಿಡಿಭಾಗಗಳು ಬದಲಾಗುತ್ತ ಹೋಗುತ್ತವೆ. ದೋಷ ಮಾತ್ರ ಎಷ್ಟೋ ಸಲ ಬಿರುಕು ಬಿಟ್ಟ ಒಂದು ಗೇಣು ರಬ್ಬರ್ ಪೈಪಿನಲ್ಲಿರುತ್ತದೆ. ಗ್ಯಾರೇಜುಗಳಲ್ಲಿ ಏರ್ ಲೀಕ್, ವ್ಯಾಕ್ಯೂಮ್ ಲೀಕ್ ಎನ್ನುವ ಈ ತೊಂದರೆಯನ್ನು ತಾಳ್ಮೆಯಿದ್ದವರು ಮನೆಯಂಗಳದಲ್ಲೇ ಪತ್ತೆ ಮಾಡಬಹುದು.

ಇದು ಮುಖ್ಯವಾಗಿ ಪೆಟ್ರೋಲ್ ಕಾರುಗಳ ಕಾಯಿಲೆ. ಐಡ್ಲಿಂಗ್‌ನಲ್ಲಿ ಗಾಳಿಯ ದಾರಿ ಕಾಯುವ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿರುತ್ತದೆ, ಪಿಸ್ಟನ್‌ಗಳು ಮಾತ್ರ ಗಾಳಿ ಎಳೆಯುತ್ತಲೇ ಇರುತ್ತವೆ. ಹಾಗಾಗಿ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೆ ಒತ್ತಡ ಕುಸಿಯುತ್ತದೆ. ಆರೋಗ್ಯವಾಗಿರುವ ಎಂಜಿನ್‌ಗೆ ವ್ಯಾಕ್ಯೂಮ್ ಗೇಜ್ ಹಾಕಿದರೆ ಸಮುದ್ರಮಟ್ಟದಲ್ಲಿ ಸಾಮಾನ್ಯವಾಗಿ 18ರಿಂದ 22 ಇಂಚು ಪಾದರಸದಷ್ಟು ಎಳೆತ ತೋರಿಸುತ್ತದೆ. ಎತ್ತರ ಸಾವಿರ ಅಡಿ ಹೆಚ್ಚಿದಂತೆ ಸುಮಾರು ಒಂದು ಇಂಚು ಕಡಿಮೆಯಾಗುತ್ತದೆ. ಮಂಗಳೂರಿನಲ್ಲಿ 20 ತೋರಿಸುವ ಕಾರು ಮೂರು ಸಾವಿರ ಅಡಿ ಎತ್ತರದ ಬೆಂಗಳೂರಿನಲ್ಲಿ 17 ತೋರಿಸಿದರೆ ಗಾಬರಿ ಬೇಡ.

ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಬಿರುಕಿನಿಂದ ನುಗ್ಗಿದ ಗಾಳಿ ಈ ಲೆಕ್ಕ ಕೆಡಿಸುತ್ತದೆ. ಸೀಳಿದ ಸ್ಟ್ರಾದಲ್ಲಿ ಎಳನೀರು ಹೀರಿದ ಹಾಗೆ, ಬೇಕಾದ್ದಕ್ಕಿಂತ ಗಾಳಿಯೇ ಹೆಚ್ಚು ಬರುತ್ತದೆ. ಒಳಬರುವ ಗಾಳಿಯನ್ನು ನೇರವಾಗಿ ಅಳೆಯುವ ಸೆನ್ಸರ್ ಇರುವ ಕಾರುಗಳಲ್ಲಿ ಈ ಕಳ್ಳಗಾಳಿ ಲೆಕ್ಕಕ್ಕೇ ಸಿಗದೆ ಮಿಶ್ರಣ ತೆಳುವಾಗುತ್ತದೆ. ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಕಾರುಗಳಲ್ಲಿ ಕಂಪ್ಯೂಟರ್ ಅದಕ್ಕೆ ತಕ್ಕಂತೆ ಪೆಟ್ರೋಲನ್ನೂ ಸೇರಿಸುವುದರಿಂದ ಐಡ್ಲಿಂಗ್ ಏರಿ ನಿಲ್ಲುವುದೇ ಹೆಚ್ಚು.

ಹುಡುಕಾಟ ಕಣ್ಣಿನಿಂದ ಶುರುವಾಗಲಿ. ಎಂಜಿನ್ ತಣ್ಣಗಿರುವಾಗ ಬಾನೆಟ್ ತೆಗೆದು ಪ್ರತಿ ಪೈಪನ್ನೂ ಬಗ್ಗಿಸಿ ನೋಡಿ. ಶಾಖಕ್ಕೆ ರಬ್ಬರ್ ಗಡುಸಾಗಿ ತುದಿಯಲ್ಲೇ ಮೊದಲು ಸೀಳುತ್ತದೆ. ಇಲಿ ಕಡಿದ ಗುರುತಿದೆಯೇ ನೋಡಿ. ಎಂಜಿನ್ ಒಳಗಿನ ಆವಿಯನ್ನು ಮತ್ತೆ ಇನ್‌ಟೇಕ್‌ಗೆ ಕಳಿಸುವ ಪಿಸಿವಿ ವಾಲ್ವ್‌ನ ಪೈಪಿನ ಅಡಿಭಾಗ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಅಲ್ಲಿಗೆ ಬೆರಳು ಹಾಯಿಸಿ.

ಮುಂದಿನದು ಕಿವಿಯ ಕೆಲಸ. ಬಯಲಿನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಿಸಿ. ತೆಳ್ಳನೆಯ ಒಂದು ಪೈಪಿನ ತುದಿಯನ್ನು ಕಿವಿಗಿಟ್ಟು ಇನ್ನೊಂದು ತುದಿಯನ್ನು ಜೋಡಣೆಗಳ ಬಳಿ ಆಡಿಸಿದರೆ 'ಸ್ಸ್' ಸದ್ದಿನ ಜಾಗ ಸಿಗುತ್ತದೆ. ಸೆರಗು, ದುಪಟ್ಟಾ, ಬಿಟ್ಟ ಕೂದಲು ಬೆಲ್ಟಿನ ಹತ್ತಿರ ಸುಳಿಯಬಾರದು. ರೇಡಿಯೇಟರ್ ಫ್ಯಾನ್ ಹೇಳದೆ ಕೇಳದೆ ತಿರುಗುತ್ತದೆ.

ಸದ್ದು ಸಿಗದಿದ್ದರೆ ಸೋಪುನೀರನ್ನು ಅನುಮಾನದ ಜಾಗಕ್ಕೆ ಸ್ವಲ್ಪವೇ ಸಿಂಪಡಿಸಿ. ವೈರಿನ ಕನೆಕ್ಟರ್‌ಗಳಿಗೂ ಬಿಸಿ ಎಕ್ಸಾಸ್ಟ್‌ಗೂ ತಾಗಿಸಬೇಡಿ. ನೀರು ಬಿರುಕನ್ನು ಕ್ಷಣಕಾಲ ಮುಚ್ಚಿದರೆ ಎಂಜಿನ್ ಸದ್ದು ಬದಲಾಗುತ್ತದೆ. ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸುವ ರೂಢಿಯೂ ಇದೆ. ಅದು ಬೆಂಕಿ ಹಿಡಿಯುವ ದ್ರವ, ಓಡುತ್ತಿರುವ ಎಂಜಿನ್ ಮೇಲೆ ಮನೆಯಲ್ಲಿ ಬೇಡವೇ ಬೇಡ.

ಕಾರಿನ ಕಂಪ್ಯೂಟರನ್ನು ಓದುವ ಓಬಿಡಿ ಸ್ಕ್ಯಾನರ್ ಇದ್ದರೆ ಫ್ಯೂಯಲ್ ಟ್ರಿಮ್ ನೋಡಿ, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚಿಸಿದೆ ಅಥವಾ ತಗ್ಗಿಸಿದೆ ಎಂಬ ಲೆಕ್ಕ. ಗಾಳಿಯನ್ನು ನೇರವಾಗಿ ಅಳೆಯುವ ಸೆನ್ಸರ್ ಇರುವ ಕಾರಿನಲ್ಲಿ ಅದು ಐಡ್ಲಿಂಗ್‌ನಲ್ಲಿ ಶೇ 20ರಷ್ಟು ಹೆಚ್ಚಿದ್ದು, 2,500 ಆರ್‌ಪಿಎಂನಲ್ಲಿ ಶೇ 5ಕ್ಕೆ ಇಳಿದರೆ ಗಾಳಿ ಸೋರಿಕೆಯ ಅನುಮಾನ ಬಲವಾಗುತ್ತದೆ. ಬಿರುಕಿನ ಗಾತ್ರ ಅಷ್ಟೇ ಇರುತ್ತದೆ. ಎಂಜಿನ್ ಹೆಚ್ಚು ಗಾಳಿ ಎಳೆದಾಗ ಕಳ್ಳಗಾಳಿಯ ಪಾಲು ಸಣ್ಣದಾಗುತ್ತದೆ. ವೇಗದಲ್ಲೂ ಟ್ರಿಮ್ ಇಳಿಯದಿದ್ದರೆ ಪೆಟ್ರೋಲ್ ಪಂಪ್, ಫಿಲ್ಟರ್ ಕಡೆ ನೋಡಬೇಕು. ಇಷ್ಟಾದರೂ ಸಿಗದ ಸೋರಿಕೆಗೆ ಗ್ಯಾರೇಜಿನ ಸ್ಮೋಕ್ ಟೆಸ್ಟ್ ಇದೆ: ಒಳಗೆ ಬಿಟ್ಟ ಹೊಗೆ ಬಿರುಕಿನಿಂದ ಹೊರಬಂದು ಜಾಗ ತೋರಿಸುತ್ತದೆ.

ರಿಪೇರಿ ಸಾಮಾನ್ಯವಾಗಿ ಸರಳ. ಪೈಪ್ ಉದ್ದವಿದ್ದರೆ ಸೀಳಿದ ತುದಿ ಕತ್ತರಿಸಿ ಮತ್ತೆ ಸಿಕ್ಕಿಸಬಹುದು, ಇಲ್ಲವಾದರೆ ಅದೇ ಅಳತೆಯ ಹೊಸದು ಹಾಕಿ. ಅದು ವ್ಯಾಕ್ಯೂಮ್‌ಗೆಂದೇ ಮಾಡಿದ್ದಾಗಿರಲಿ. ಸಾಧಾರಣ ಪೈಪ್ ಎಳೆತಕ್ಕೆ ಚಪ್ಪಟೆಯಾಗುತ್ತದೆ. ಮ್ಯಾನಿಫೋಲ್ಡ್ ಪ್ಯಾಕಿಂಗ್ ಹೋಗಿದ್ದರೆ ಕೆಲಸ ದೊಡ್ಡದು: ಬೋಲ್ಟ್‌ಗಳನ್ನು ಕಂಪನಿ ಹೇಳಿದ ಕ್ರಮದಲ್ಲಿ, ಹೇಳಿದಷ್ಟೇ ಬಿಗಿಯಬೇಕು.

ಇದೇ ಎಳೆತದಿಂದ ಬ್ರೇಕಿಗೆ ಬಲ ಕೂಡಿಸುವ ಬ್ರೇಕ್ ಬೂಸ್ಟರ್‌ಗೆ ಹೋಗುವ ಪೈಪಿನ ವಿಷಯದಲ್ಲಿ ಟೇಪು, ಅಂಟು ಯಾವುದೂ ಸಲ್ಲದು. ಬೂಸ್ಟರ್ ಪರೀಕ್ಷಿಸಲು ಎಂಜಿನ್ ಆಫ್ ಮಾಡಿ ಬ್ರೇಕ್ ಪೆಡಲನ್ನು ನಾಲ್ಕಾರು ಸಲ ಒತ್ತಿ, ಒತ್ತಿ ಹಿಡಿದಂತೆಯೇ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ಆ ಕಾರನ್ನು ರಸ್ತೆಗೆ ತರಬೇಡಿ, ಮೆಕ್ಯಾನಿಕ್ ಅನ್ನು ಮನೆಗೇ ಕರೆಸಿ.

ರಿಪೇರಿಯ ನಂತರ, ಸೋರಿಕೆ ಪತ್ತೆ ಮಾಡಿದ ಪರೀಕ್ಷೆಯನ್ನೇ ಮತ್ತೆ ಮಾಡಿ. ಆರ್‌ಪಿಎಂ ಮುಳ್ಳು ಅಲುಗದೆ ನಿಂತು, ಟ್ರಿಮ್ ಸೊನ್ನೆಯ ಹತ್ತಿರ ಬಂದರಷ್ಟೇ ಕೆಲಸ ಮುಗಿದಂತೆ. ದೋಷ ಖಚಿತವಾಗುವವರೆಗೆ ಯಾವ ಬಿಡಿಭಾಗವನ್ನೂ ಕೊಳ್ಳುವುದಿಲ್ಲ ಎಂಬ ಶಿಸ್ತೇ ಒಳ್ಳೆಯ ಮೆಕ್ಯಾನಿಕ್‌ನ ನಿಜವಾದ ವಿದ್ಯೆ. ಅದನ್ನು ಕಾರಿನ ಮಾಲೀಕರೂ ಕಲಿಯಬಹುದು, ಕಲಿಯಬೇಕು.