ರಾಗಿ ಬೆಳೆಯುವ ಮನೆಯಲ್ಲಿ ರಕ್ತಹೀನತೆ ಏಕೆ?

ಪೈರಿನ ಎಳೆಯ ಎಲೆ ಬಿಳಿಚಿಕೊಂಡರೆ ರೈತ ಬಾಂಧವರು ಕೂಡಲೇ ಕಾರಣ ವಿಚಾರಿಸುತ್ತಾರೆ. ಮನೆಯ ಮಗಳ ಮುಖ ಬಿಳಿಚಿಕೊಂಡರೆ ಮಾತ್ರ "ಬೆಳೆಯುವ ವಯಸ್ಸು, ತಾನೇ ಸರಿಹೋಗುತ್ತದೆ" ಎಂದು ಸುಮ್ಮನಾಗುವುದುಂಟು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ನಮ್ಮ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡಾ 59 ಮಂದಿಗೂ, ಗಂಡುಮಕ್ಕಳಲ್ಲಿ ಶೇಕಡಾ 31 ಮಂದಿಗೂ ರಕ್ತಹೀನತೆ ಇದೆ. ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ರಾಗಿ, ಹುರುಳಿ, ಅವರೆ ಬೆಳೆಯುವ ಮನೆಗಳಿಗೆ ಕಡಿಮೆಯಿಲ್ಲ. ಹಾಗಿದ್ದರೂ ಈ ಕೊರತೆ ಏಕೆಂಬುದನ್ನು ತಾವು ತಿಳಿದಿರುವುದು ಅವಶ್ಯಕ.

ಗುರುತಿಸುವುದು ಹೇಗೆ?

ಕಣ್ಣಿನ ಕೆಳರೆಪ್ಪೆಯ ಒಳಭಾಗ, ನಾಲಿಗೆ ಮತ್ತು ಉಗುರು ಬಿಳಿಚಿಕೊಳ್ಳುತ್ತವೆ. ಸ್ವಲ್ಪ ನಡೆದರೆ ಏದುಸಿರು, ತಲೆಸುತ್ತು, ಪಾಠದಲ್ಲಿ ನಿರಾಸಕ್ತಿ ಕಾಣುತ್ತವೆ. ಕೆಲವು ಮಕ್ಕಳು ಮಣ್ಣು, ಬಳಪ ತಿನ್ನುತ್ತಾರೆ. ಇದನ್ನು ಸೋಮಾರಿತನವೆಂದು ಬೈಯದೆ ರಕ್ತ ಪರೀಕ್ಷೆ ಮಾಡಿಸಿರಿ. 12 ವರ್ಷ ತುಂಬಿದ ಹೆಣ್ಣುಮಕ್ಕಳಲ್ಲಿ 100 ಮಿಲಿ ಲೀಟರ್ ರಕ್ತಕ್ಕೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ.

ಕಾರಣಗಳು

1. ಮೈ ಬೆಳೆಯುವ ಕಾಲದಲ್ಲಿ ಕಬ್ಬಿಣದ ಅಂಶ ಹೆಚ್ಚು ಬೇಕು. ಹೆಣ್ಣುಮಕ್ಕಳಿಗೆ ಮುಟ್ಟಿನ ಮೂಲಕವೂ ರಕ್ತ ನಷ್ಟವಾಗುತ್ತದೆ.

2. ರಾಗಿಯಲ್ಲಿ ಸುಣ್ಣದ ಅಂಶ ಹೇರಳ. 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಮೂಳೆಗೆ ಇದು ಬಲು ಒಳ್ಳೆಯದು. ಕಬ್ಬಿಣ ಮಾತ್ರ 4ರಿಂದ 5 ಮಿಲಿಗ್ರಾಂ ಅಷ್ಟೇ. ಅದರಲ್ಲಿಯೂ ಕಾಳಿನಲ್ಲಿರುವ ಫೈಟೇಟ್ ಮತ್ತು ಟ್ಯಾನಿನ್ ಎಂಬ ವಸ್ತುಗಳು ಬಹುಪಾಲನ್ನು ಹಿಡಿದಿಡುತ್ತವೆ. ಆದುದರಿಂದ ಮುದ್ದೆಯೊಂದೇ ಸಾಲದು.

3. ಊಟದ ಬೆನ್ನಿಗೇ ಕುಡಿಯುವ ಕಾಫಿ, ಟೀಗಳು ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ.

4. ಬಯಲು ಮಲವಿಸರ್ಜನೆ ನಡೆಯುವ ಕಡೆ ಕೊಕ್ಕೆಹುಳುವಿನ ಮರಿಗಳು ತೇವದ ಮಣ್ಣಿನಲ್ಲಿ ಬೆಳೆದು, ಬರಿಗಾಲಿನ ಚರ್ಮದ ಮೂಲಕ ಒಳಹೊಗುತ್ತವೆ. ಆಮೇಲೆ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತವೆ. ತೋಟ, ನಾಲೆಯ ಬದಿಗಳಲ್ಲಿ ಓಡಾಡುವ ಮಕ್ಕಳು ಚಪ್ಪಲಿ ಧರಿಸಲಿ, ಶೌಚಾಲಯ ಬಳಸಲಿ.

5. ಸೊಪ್ಪು, ಮೊಟ್ಟೆ ಸಂತೆಗೆ ಹೋಗಿ, ಮಿಕ್ಕಿದ್ದು ಗಂಡಸರ ಎಲೆಗೆ ಬಿದ್ದರೆ, ಕಡೆಯಲ್ಲಿ ಉಣ್ಣುವ ಮಗಳಿಗೆ ಉಳಿಯುವುದು ತಿಳಿಸಾರು ಮಾತ್ರ.

ಅಡುಗೆಮನೆಯಲ್ಲಿ ಮಾಡಬೇಕಾದುದು

ರಾಗಿಯನ್ನು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಹಿಟ್ಟು ಮಾಡಿಸಿರಿ. ಮೊಳಕೆಯಲ್ಲಿ ಫೈಟೇಟ್ ಕಡಿಮೆಯಾಗುತ್ತದೆ. ಹುರುಳಿ, ಹೆಸರುಕಾಳುಗಳಿಗೂ ಇದೇ ಕ್ರಮ. ವಾರದಲ್ಲಿ ಹಲವು ದಿನ ಬಸ್ಸಾರು, ಮಸ್ಸೊಪ್ಪು ಇರಲಿ. ಬಸಿದ ಕಟ್ಟನ್ನು ಚೆಲ್ಲದೆ ಸಾರಿಗೆ ಬಳಸಿರಿ. ಬಡಿಸುವಾಗ ನಿಂಬೆರಸ ಹಿಂಡಿರಿ, ಅಥವಾ ಊಟದೊಡನೆ ಸೀಬೆಹಣ್ಣು, ನೆಲ್ಲಿಕಾಯಿ ಕೊಡಿರಿ. ಇವುಗಳಲ್ಲಿನ 'ಸಿ' ಜೀವಸತ್ವದಿಂದ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಮಾಂಸ, ಮೀನು ತಿನ್ನುವ ಮನೆಗಳಲ್ಲಿ ಮಕ್ಕಳಿಗೂ ಸರಿಯಾದ ಪಾಲು ಸಲ್ಲಲಿ. ಕಾಫಿಯನ್ನು ಊಟಕ್ಕೆ ಒಂದು ಗಂಟೆ ಮುಂಚೆ ಅಥವಾ ನಂತರಕ್ಕೆ ಸರಿಸಿರಿ.

ಮಾತ್ರೆಗಳನ್ನು ಎಸೆಯಬೇಡಿ

ಶಾಲೆ, ಅಂಗನವಾಡಿಗಳ ಮೂಲಕ 10ರಿಂದ 19 ವರ್ಷದವರಿಗೆ ವಾರಕ್ಕೊಂದು ನೀಲಿ ಮಾತ್ರೆ ಕೊಡುವ ಕಾರ್ಯಕ್ರಮವಿದೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಇರುತ್ತವೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಓಕರಿಕೆ ಬರಬಹುದು; ಊಟದ ನಂತರ ನೀರಿನೊಡನೆ ನುಂಗಲಿ. ಮಲ ಕಪ್ಪಾದರೆ ಗಾಬರಿ ಬೇಡ. 1ರಿಂದ 19 ವರ್ಷದವರಿಗೆ ಜಂತುಹುಳು ನಿವಾರಣಾ ದಿನಗಳಂದು ಅಲ್ಬೆಂಡಜೋಲ್ ಮಾತ್ರೆಯನ್ನೂ ತಪ್ಪದೆ ಕೊಡಿಸಿರಿ. ಪರೀಕ್ಷೆಯಲ್ಲಿ ರಕ್ತಹೀನತೆ ಕಂಡುಬಂದವರಿಗೆ ವಾರದ ಮಾತ್ರೆ ಸಾಲದು. ಅವರು ವೈದ್ಯರು ಹೇಳಿದಷ್ಟು ದಿನ, ಹೇಳಿದ ಪ್ರಮಾಣದಲ್ಲಿಯೇ ಔಷಧಿ ತೆಗೆದುಕೊಳ್ಳಬೇಕು. ಕಬ್ಬಿಣದ ಮಾತ್ರೆಗಳು ಚಿಕ್ಕಮಕ್ಕಳ ಕೈಗೆ ಸಿಗದಂತೆ ಎತ್ತಿಡಿರಿ. ಹೆಚ್ಚು ನುಂಗಿದರೆ ಪ್ರಾಣಾಪಾಯ.

ಮುಂಗಾರಿನಲ್ಲಿ ಬಚ್ಚಲು ನೀರು ಹರಿಯುವ ಕಡೆ ಒಂದು ನುಗ್ಗೆ, ಒಂದು ನಿಂಬೆ, ಒಂದು ಸೀಬೆ ನೆಡಿರಿ. ಕೈಯಗಲದ ಮಡಿಯಲ್ಲಿ ದಂಟು, ಕೀರೆ ಬಿತ್ತಿರಿ. ಅದರ ಮೊದಲ ಕೊಯ್ಲು ಸಂತೆಗಲ್ಲ, ಮನೆಯ ಮಕ್ಕಳಿಗೆ ಸಲ್ಲಲಿ.