ಕಾವಲುಗಾರನಿಗೆ ಅಂತಃಪುರದ ಕೀಲಿಕೈ ಏಕೆ?

ಹಂಪೆಗೆ ಹೋದವರೆಲ್ಲರೂ ಕಮಲಮಹಲಿನ ಸೊಬಗಿಗೆ ಮಾರುಹೋಗುತ್ತಾರೆ. ಆದರೆ ಅದರ ಸುತ್ತಲಿನ ಎತ್ತರವಾದ ಕಲ್ಲುಗೋಡೆಯನ್ನೂ, ಗೋಡೆಗೆ ಹೊಂದಿಕೊಂಡು ನಿಂತ ಕಾವಲು ಗೋಪುರಗಳನ್ನೂ ಗಮನಿಸುವವರು ವಿರಳ. ೧೪೪೩ರಲ್ಲಿ ಈ ನಗರವನ್ನು ಕಂಡ ರಾಯಭಾರಿ ಅಬ್ದುಲ್ ರಜಾಕನು ಏಳು ಸುತ್ತಿನ ಕೋಟೆಯನ್ನು ಬಣ್ಣಿಸಿದ್ದಾನೆ. ಹೊರಸುತ್ತುಗಳಲ್ಲಿ ಹೊಲ, ತೋಟ, ಮನೆಗಳು. ಅವುಗಳ ಒಳಗೆ ಅಂಗಡಿಬೀದಿಗಳು. ಎಲ್ಲಕ್ಕೂ ಒಳಗೆ ಅರಸನ ಅರಮನೆ. ಒಂದು ಸುತ್ತು ಶತ್ರುವಿನ ವಶವಾದರೂ ಮುಂದಿನ ಸುತ್ತು ಅವನನ್ನು ತಡೆಯಬೇಕು. ಇದೇ ಆ ಏರ್ಪಾಡಿನ ಮರ್ಮ.

ಈ ಮರ್ಮವನ್ನು ನಮ್ಮ ಇಂದಿನ ಮನೆಗಳು ಮರೆತಂತಿವೆ. ಹೊಸಪೇಟೆಯ ಬಡಾವಣೆಗಳಲ್ಲಾಗಲಿ, ಸಂಡೂರಿನ ಅಂಗಡಿಗಳಲ್ಲಾಗಲಿ, ಕಂಪ್ಲಿಯ ತೋಟದ ಮನೆಗಳಲ್ಲಾಗಲಿ ಸಿಸಿಟಿವಿ ಕ್ಯಾಮೆರಾ ಈಗ ಅಪೂರ್ವ ವಸ್ತುವಲ್ಲ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನೋ ಮಗಳೋ ಊರಿನಲ್ಲಿರುವ ತಂದೆತಾಯಿಗಳ ಯೋಗಕ್ಷೇಮವನ್ನು ಅದರ ಮೂಲಕವೇ ನೋಡುವುದುಂಟು. ಒಳ್ಳೆಯದೇ. ಆದರೆ ಅದನ್ನು ಕೂರಿಸಲು ಬಂದಾತನು ಮನೆಯ ವೈಫೈ ಪಾಸ್‌ವರ್ಡ್ ಕೇಳುತ್ತಾನೆ, ನಾವು ಕೊಡುತ್ತೇವೆ. ತಂದೆಯವರ ಬ್ಯಾಂಕ್ ವ್ಯವಹಾರದ ಫೋನು, ಮಕ್ಕಳ ಲ್ಯಾಪ್‌ಟಾಪ್, ಗೋಡೆಯ ಮೇಲಿನ ಕ್ಯಾಮೆರಾ ಎಲ್ಲವೂ ಅಂದಿನಿಂದ ಒಂದೇ ಹಜಾರದಲ್ಲಿ ವಾಸ!

ಕ್ಯಾಮೆರಾ ಎಂಬುದು ಬರಿಯ ಕಣ್ಣಲ್ಲ. ಅದೊಂದು ಪುಟ್ಟ ಕಂಪ್ಯೂಟರ್. ಫೋನಿನಂತೆ ಅದನ್ನು ಆಗಾಗ ಪರಿಷ್ಕರಿಸುವವರು ಕಡಿಮೆ. ಅದು ಪರರ ವಶವಾಗುವುದು ಎಷ್ಟು ಸುಲಭವೆಂಬುದನ್ನು ೨೦೧೬ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶ ತೋರಿಸಿಕೊಟ್ಟಿತು. ಕಾರ್ಖಾನೆಯಲ್ಲಿಯೇ ಇಟ್ಟ ಅರವತ್ತರಷ್ಟು ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಪ್ರಯೋಗಿಸಿ, ಅದು ಲಕ್ಷಾಂತರ ಕ್ಯಾಮೆರಾ, ರೆಕಾರ್ಡರ್, ರೂಟರುಗಳನ್ನು ಸೆರೆಹಿಡಿಯಿತು. ಅದೇ ವರ್ಷ ಅಕ್ಟೋಬರ್ ೨೧ರಂದು ಅಂತಹ ಉಪಕರಣಗಳ ಸೈನ್ಯದ ದಾಳಿಯಿಂದ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದವು ಗಂಟೆಗಟ್ಟಲೆ ಕೈಗೆ ಸಿಗದಂತಾದವು. ವಶವಾದ ಕ್ಯಾಮೆರಾ ನಮ್ಮ ಹಜಾರದಲ್ಲಿಯೇ ಇದ್ದರೆ, ಪಕ್ಕದ ಲ್ಯಾಪ್‌ಟಾಪಿನ ಬಾಗಿಲು ತಟ್ಟುವುದಕ್ಕೆ ಅದಕ್ಕೆ ಅಡ್ಡಿಯೇನು?

ಹಾಗಾದರೆ ಮಾಡತಕ್ಕದ್ದೇನು? ಕ್ಯಾಮೆರಾವನ್ನು ಕಿತ್ತೆಸೆಯಬೇಕಾಗಿಲ್ಲ, ಅದಕ್ಕೆ ಬೇರೆ ಕೊಠಡಿ ಕೊಟ್ಟರೆ ಸಾಕು.

ವೈಫೈ ಕ್ಯಾಮೆರಾ ಆಗಿದ್ದರೆ ಉಪಾಯ ಸುಲಭ. ಇಂದಿನ ಅನೇಕ ರೂಟರುಗಳಲ್ಲಿ ‘ಗೆಸ್ಟ್ ನೆಟ್‌ವರ್ಕ್’ ಎಂಬ ಸೌಕರ್ಯವುಂಟು. ಅತಿಥಿಗಳಿಗೆಂದು ಏರ್ಪಟ್ಟ ಈ ಜಗುಲಿಯಿಂದ ಇಂಟರ್ನೆಟ್ಟಿಗೆ ದಾರಿಯಿದೆ, ನಡುಮನೆಗಿಲ್ಲ. ಅದಕ್ಕೆ ಬೇರೆ ಪಾಸ್‌ವರ್ಡ್ ಇಟ್ಟು ಕ್ಯಾಮೆರಾವನ್ನು ಅಲ್ಲಿ ಸೇರಿಸಬೇಕು. ಬಳಿಕ ಫೋನನ್ನೂ ಕ್ಷಣಕಾಲ ಅಲ್ಲಿಗೆ ಸೇರಿಸಿ, ಮನೆಯ ಪ್ರಿಂಟರೋ ಟಿವಿಯೋ ಕಾಣುತ್ತದೆಯೇ ಎಂದು ಪರೀಕ್ಷಿಸಬೇಕು. ಕಂಡರೆ ಗೋಡೆ ಎದ್ದಿಲ್ಲವೆಂದೇ ಅರ್ಥ.

ಕ್ಯಾಮೆರಾಗಳ ತಂತಿಗಳೆಲ್ಲ ನೇರವಾಗಿ ಡಿವಿಆರ್ ಪೆಟ್ಟಿಗೆಗೆ ಬಂದು ಸೇರುವ ಮನೆಗಳಲ್ಲಿ ಬೇರ್ಪಡಿಸಬೇಕಾದುದು ಆ ಪೆಟ್ಟಿಗೆಯನ್ನು. ಅದು ತಂತಿಯಿಂದಲೇ ರೂಟರಿಗೆ ಅಂಟಿಕೊಂಡಿರುವುದರಿಂದ ಅತಿಥಿ ವೈಫೈ ಸಾಮಾನ್ಯವಾಗಿ ಅದಕ್ಕೆ ಒದಗದು. ಇಂತಲ್ಲಿ ಎರಡನೆಯ ರೂಟರ್ ಬೇಕಾಗುತ್ತದೆ. ಆದರೆ ಅನೇಕರು ಕ್ಯಾಮೆರಾಗಳನ್ನು ಹೊಸ ರೂಟರಿಗೆ ಹಾಕಿ, ಅದನ್ನು ಹಳೆಯ ರೂಟರಿಗೆ ಜೋಡಿಸಿ ನಿಶ್ಚಿಂತರಾಗುತ್ತಾರೆ. ಇದು ತಿರುಗುಮುರುಗು! ಒಳಗಿನ ರೂಟರಿನಲ್ಲಿರುವ ಉಪಕರಣ ಹೊರಗಿನದನ್ನು ತಲುಪಬಲ್ಲದು. ಹೊರಗಿನದು ತಾನಾಗಿ ಒಳಕ್ಕೆ ಬರಲಾರದು. ಆದುದರಿಂದ ರೆಕಾರ್ಡರ್ ಹೊರಗಿನ ರೂಟರಿನಲ್ಲಿರಬೇಕು, ಮನೆಮಂದಿಯ ಫೋನು, ಲ್ಯಾಪ್‌ಟಾಪುಗಳು ಒಳಗಿನದರಲ್ಲಿ. ಅರಮನೆ ಒಳಸುತ್ತಿನಲ್ಲಿದ್ದುದು ಸುಮ್ಮನೆಯಲ್ಲ. ಎರಡನೆಯ ರೂಟರನ್ನು ‘ಆಕ್ಸೆಸ್ ಪಾಯಿಂಟ್’ ಆಗಿ ಹೊಂದಿಸಿದರೆ ಮಾತ್ರ ಎರಡೂ ಒಂದೇ ಜಾಲವಾಗಿ, ಗೋಡೆಯೇ ಇಲ್ಲವಾಗುತ್ತದೆ, ಅದನ್ನು ನೋಡಿಕೊಳ್ಳಬೇಕು.

ಇನ್ನೊಂದು ಮಾತು. ಗೋಡೆಯು ಮನೆಯ ಉಳಿದ ಉಪಕರಣಗಳನ್ನು ಕಾಯುತ್ತದೆಯೇ ಹೊರತು, ಕ್ಯಾಮೆರಾ ಕಂಡ ದೃಶ್ಯವನ್ನಲ್ಲ. ೨೦೨೫ರ ಫೆಬ್ರವರಿಯಲ್ಲಿ ಗುಜರಾತಿನ ರಾಜಕೋಟೆಯ ಹೆರಿಗೆ ಆಸ್ಪತ್ರೆಯೊಂದರ ಕ್ಯಾಮೆರಾ ದೃಶ್ಯಗಳು ಬಯಲಾಗಿ, ಹೆಣ್ಣುಮಕ್ಕಳ ಮಾನ ಬೀದಿಪಾಲಾದುದು ದೇಶಕ್ಕೆಲ್ಲ ತಿಳಿದ ಸಂಗತಿ. ಆದುದರಿಂದ ಕಾರ್ಖಾನೆಯ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಬೇಕು, ಹೊರಗಿನಿಂದ ನೇರ ದಾರಿ ತೆರೆಯುವ ‘ಪೋರ್ಟ್ ಫಾರ್ವರ್ಡಿಂಗ್’, ‘ಯುಪಿಎನ್‌ಪಿ’ಗಳನ್ನು ರೂಟರಿನಲ್ಲಿ ಮುಚ್ಚಬೇಕು, ಮಲಗುವ ಮನೆಯತ್ತ ಕ್ಯಾಮೆರಾ ತಿರುಗಿಸಲೇಕೂಡದು. ಮಾರುವ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯವೆಂದು ಕೇಂದ್ರ ಸರ್ಕಾರವು ೨೦೨೪ರಲ್ಲಿ ನಿಯಮ ಮಾಡಿ, ೨೦೨೫ರ ಏಪ್ರಿಲಿನಿಂದ ಜಾರಿಗೆ ತಂದಿದೆ. ಆದರೆ ಅದಕ್ಕೆ ಮೊದಲೇ ನಮ್ಮ ಗೋಡೆಗಳನ್ನು ಏರಿ ಕುಳಿತ ಕ್ಯಾಮೆರಾಗಳ ಹೊಣೆ ನಮ್ಮದೇ.

ಮುಂದಿನ ಸಲ ಕ್ಯಾಮೆರಾ ಕೂರಿಸುವಾತನು ವೈಫೈ ಪಾಸ್‌ವರ್ಡ್ ಕೇಳಿದಾಗ ಗೃಹಿಣಿಯರು ಹೇಳಬೇಕಾದ ಉತ್ತರ ಇಷ್ಟೇ: “ಮನೆಯವರದು ಬೇರೆ, ಕ್ಯಾಮೆರಾದ್ದು ಬೇರೆ. ಅದಕ್ಕೆ ಯಾವುದನ್ನು ಕೊಡಬೇಕೋ ಅದನ್ನೇ ಕೊಡುತ್ತೇವೆ.”