ಹೊಗೆ ಹೋಗುವ ದಾರಿ

ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆಯಂಥ ಊರುಗಳಲ್ಲಿ ಅಡುಗೆಮನೆಗೆ ಗ್ಯಾಸ್ ಬಂದ ಮೇಲೂ ಎಷ್ಟೋ ಮನೆಗಳ ಹಂಡೆ ಒಲೆ ಆರಿಲ್ಲ. ತೆಂಗಿನ ಗರಿ, ಮಟ್ಟೆ, ಕರಟ, ಕಬ್ಬಿನ ಒಣಗಿದ ಸೋಗೆ ಕಾಸಿಲ್ಲದೆ ಸಿಗುವಾಗ ಮೀಯುವ ನೀರಿಗೆ ಸಿಲಿಂಡರ್ ಯಾಕೆ ಖರ್ಚು ಮಾಡಬೇಕು? ಆ ಲೆಕ್ಕ ಸರಿಯೇ. ಲೆಕ್ಕಕ್ಕೆ ಸಿಗದೆ ಉಳಿದಿರುವುದು ಒಲೆಯ ಹಿಂದಿನ ಹೊಗೆಕೊಳವೆ. ಮೋಟಾರಿಲ್ಲ, ತಿರುಗುವ ಚಕ್ರವಿಲ್ಲ, ಆದರೂ ಅದು ಗಾಳಿಯನ್ನು ಎಳೆಯುವ ಪಂಪು.

ಕಾದ ಗಾಳಿ ಹಗುರ. ಮೂರು ಮೀಟರ್ ಎತ್ತರದ ಕೊಳವೆಯೊಳಗೆ 150 ಡಿಗ್ರಿ ಸೆಲ್ಸಿಯಸ್ ಬಿಸಿಯ ಹೊಗೆ, ಹೊರಗೆ 30 ಡಿಗ್ರಿಯ ಗಾಳಿ ಎಂದುಕೊಳ್ಳಿ. ಎರಡರ ತೂಕದ ವ್ಯತ್ಯಾಸ ಚದರ ಮೀಟರಿಗೆ ಸುಮಾರು ಒಂದೇ ಕಿಲೋ. ಇಷ್ಟು ಅಲ್ಪ ಒತ್ತಡವೇ ಹೊಗೆಯನ್ನು ಮೇಲೆತ್ತಿ, ಒಲೆಯ ಬಾಯಿಂದ ಹೊಸ ಗಾಳಿಯನ್ನು ಒಳಗೆಳೆಯಬೇಕು. ಹಸಿ ಸೌದೆಯ ಹೊಗೆಯಲ್ಲಿರುವ ನೀರಾವಿ ಮತ್ತು ಜಿಡ್ಡು ಕೊಳವೆಯ ತಣ್ಣನೆಯ ಗೋಡೆಗೆ ಅಂಟಿ ಮಸಿ ಕಟ್ಟುತ್ತದೆ. ಹತ್ತು ಸೆಂಟಿಮೀಟರ್ ಅಗಲದ ಪೈಪಿನೊಳಗೆ ಸುತ್ತ ಒಂದೇ ಸೆಂಟಿಮೀಟರ್ ಮಸಿ ಕೂತರೂ ಹೊಗೆಯ ದಾರಿಯಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಮುಚ್ಚಿಹೋಗುತ್ತದೆ. ಆಗ ಹೊಗೆ ಮನೆಯೊಳಕ್ಕೇ ತಿರುಗುತ್ತದೆ. ಸಾಲದ್ದಕ್ಕೆ ಆ ಜಿಡ್ಡು ಮಸಿಯೇ ಹೊತ್ತಿಕೊಂಡು ಸೂರಿಗೆ ಕಿಡಿ ಹಾರಿಸಬಹುದು.

ಈ ಪಂಪನ್ನು ಬಳಸಿಕೊಂಡ ದೊಡ್ಡ ಕೆಲಸ ನಡೆದದ್ದು ನಮ್ಮ ಸೀಮೆಯ ಪಕ್ಕದಲ್ಲೇ. 1974ರಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ವಿಜ್ಞಾನವನ್ನು ಹಳ್ಳಿಗಳ ಬಳಕೆಗೆ ತರುವ ‘ಅಸ್ತ್ರ’ ಎಂಬ ಕಾರ್ಯಕ್ರಮ ಹುಟ್ಟಿತು. ನಾಗಮಂಗಲಕ್ಕೆ ಹೊಂದಿಕೊಂಡ ಕುಣಿಗಲ್ ತಾಲ್ಲೂಕಿನ ಉಂಗ್ರ ಅದರ ಹಳ್ಳಿ ಕೇಂದ್ರವಾಯಿತು. ಅಲ್ಲಿಂದ ಬಂದದ್ದು ಅಸ್ತ್ರ ಒಲೆ: ಸಾಲಾಗಿ ಮೂರು ಪಾತ್ರೆ, ಸೌದೆಯ ಕೆಳಗೆ ಗಾಳಿಯಾಡಲು ಕಬ್ಬಿಣದ ಜಾಲರಿ, ಕೊನೆಗೆ ಹೊಗೆಕೊಳವೆ. ಹಳೆಯ ಒಲೆ ಸೌದೆಯ ಶಾಖದಲ್ಲಿ ಶೇಕಡ ಹತ್ತರ ಆಸುಪಾಸು ಪಾತ್ರೆಗೆ ಮುಟ್ಟಿಸಿದರೆ, ಪ್ರಯೋಗಾಲಯದಲ್ಲಿ ಇದು ನಲವತ್ತರವರೆಗೂ ಮುಟ್ಟಿಸಿತು. ಕರ್ನಾಟಕದ ಹಳ್ಳಿ ಹೆಂಗಸರ ಕಣ್ಣು ಮತ್ತು ಎದೆಗಾಗಿ ನಡೆದ ಇಂಥ ಕೆಲಸಕ್ಕೆ ಸಿಗಬೇಕಾದಷ್ಟು ಗೌರವ ಇನ್ನೂ ಸಿಕ್ಕಿಲ್ಲ ಎಂದೇ ನನ್ನ ಭಾವನೆ.

ಆದರೆ ಒಲೆ ಕಟ್ಟಿಕೊಟ್ಟರಷ್ಟೇ ಸಾಲದು. ಒಡಿಶಾದ ಹಳ್ಳಿಗಳಲ್ಲಿ ಹೊಗೆಕೊಳವೆಯ ಒಲೆ ಪಡೆದ ಮನೆಗಳನ್ನು ಅರ್ಥಶಾಸ್ತ್ರಜ್ಞರಾದ ರೆಮಾ ಹನ್ನಾ, ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್ ನಾಲ್ಕು ವರ್ಷಗಳವರೆಗೆ ಗಮನಿಸಿದರು. ಮೊದಲ ವರ್ಷ ಹೊಗೆ ಸೇವನೆ ಕಡಿಮೆಯಾಯಿತು, ಆಮೇಲೆ ಆ ಲಾಭ ಕರಗಿಹೋಯಿತು. ಒಲೆಗಳನ್ನು ಸರಿಯಾಗಿ ಬಳಸಲಿಲ್ಲ, ಕೆಟ್ಟಾಗ ರಿಪೇರಿ ಮಾಡಿಸಲಿಲ್ಲ. ನಮ್ಮ ಹಂಡೆ ಒಲೆಗೂ ಇದೇ ಮಾತು: ಬಿದಿರು ಗಳುವಿಗೆ ಗೋಣಿ ಚಿಂದಿ ಕಟ್ಟಿ, ಒಲೆ ಪೂರ್ತಿ ತಣ್ಣಗಿರುವಾಗ ಕೊಳವೆಯ ಮಸಿಯನ್ನು ಉಜ್ಜಿ ತೆಗೆಯುವುದು ಅರ್ಧ ದಿನದ ಕೆಲಸ. ಪೈಪು ಬಿರುಕು ಬಿಟ್ಟಿದ್ದರೆ ಮೇಸ್ತ್ರಿಯನ್ನೇ ಕರೆಸಬೇಕು.

ಈಗ ನನಗೆ ಹೆಚ್ಚು ಭಯವಿರುವುದು ಹಂಡೆಯ ಜಾಗಕ್ಕೆ ಬಂದಿರುವ ಗ್ಯಾಸ್ ಗೀಸರಿನ ಬಗ್ಗೆ. ಹಳೆಯ ಬಚ್ಚಲಿನ ಹೆಂಚಿನ ಸಂದಿಯಲ್ಲಿ ಗಾಳಿಯಾಡುತ್ತಿತ್ತು. ಹೊಸದಕ್ಕೆ ಆರ್‌ಸಿಸಿ ತಾರಸಿ, ಬಿಗಿಯಾದ ಬಾಗಿಲು. ಒಂದು ಕಿಲೋ ಗ್ಯಾಸ್ ಉರಿಯಲು ಹದಿನೈದು ಕಿಲೋಗೂ ಹೆಚ್ಚು ಗಾಳಿ ಬೇಕು. ನಾಲ್ಕಡಿ ಅಗಲ, ಆರಡಿ ಉದ್ದ, ಎಂಟಡಿ ಎತ್ತರದ ಬಚ್ಚಲಿನಲ್ಲಿರುವ ಗಾಳಿಯೆಲ್ಲ ಸೇರಿ ಆರು ಕಿಲೋ ಚಿಲ್ಲರೆ. ಅದು ಖಾಲಿಯಾಗುವುದಕ್ಕೆ ಎಷ್ಟೋ ಮೊದಲೇ ಉರಿ ಕೆಟ್ಟು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಸೋರುವ ಗ್ಯಾಸನ್ನು ಮೂಗು ಹಿಡಿಯಲೆಂದು ಅದಕ್ಕೆ ಈಥೈಲ್ ಮರ್ಕ್ಯಾಪ್ಟಾನ್ ಬೆರೆಸಿರುತ್ತಾರೆ. ಉರಿದು ಹುಟ್ಟುವ ಈ ವಿಷಕ್ಕೆ ವಾಸನೆಯೇ ಇಲ್ಲ.

ಆದ್ದರಿಂದ ಗೀಸರ್ ಬಚ್ಚಲಿನ ಹೊರಗೋಡೆಯ ಮೇಲಿರಲಿ, ಬಿಸಿನೀರಿನ ಪೈಪಷ್ಟೇ ಒಳಗೆ ಬರಲಿ. ನೀಲಿ ಉರಿ ಹಳದಿಗೆ ತಿರುಗಿದರೆ ಬರ್ನರ್ ಕಟ್ಟಿದೆ ಅಥವಾ ಗಾಳಿ ಸಾಲುತ್ತಿಲ್ಲ. ಬಳಸುವುದನ್ನು ನಿಲ್ಲಿಸಿ ಮೆಕ್ಯಾನಿಕ್‌ಗೆ ತೋರಿಸಿ. ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬನ್ನು ಐದು ವರ್ಷಕ್ಕೆ ಬದಲಿಸಬೇಕು. ಜೋಡಣೆಗೆ ಸೋಪಿನ ನೀರು ಹಚ್ಚಿ ನೋಡಿ, ಗುಳ್ಳೆ ಎದ್ದರೆ ಸೋರಿಕೆ. ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ಹರಡುತ್ತದೆ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಹೊರಬನ್ನಿ. ಹೊರಗೆ ನಿಂತು 1906ಕ್ಕೆ ಫೋನ್ ಮಾಡಿ. ಬಚ್ಚಲಿನಲ್ಲಿದ್ದವರು ತಲೆಸುತ್ತು ಎಂದರೆ ಪಿತ್ತ ಎಂದು ಸುಮ್ಮನಾಗದೆ, ಮೊದಲು ಅವರನ್ನು ಬಯಲಿಗೆ ಕರೆತಂದು ಆಸ್ಪತ್ರೆಗೆ ಕರೆದೊಯ್ಯಿರಿ.